ಬೆಲೊ ಹೊರಿಜಾಂಟೆ: ಅನ್ನವನ್ನು ಹಕ್ಕೆಂದ ನಗರ

ಬ್ರೆಜಿಲ್‌ನ ಮಿನಾಸ್ ಜೆರೈಸ್ ರಾಜ್ಯದ ರಾಜಧಾನಿ ಬೆಲೊ ಹೊರಿಜಾಂಟೆ. ಮೇಯರ್ ಪತ್ರುಸ್ ಅನಾನಿಯಾಸ್ ಅವಧಿಯಲ್ಲಿ, 1993ರಲ್ಲಿ, ಇಲ್ಲಿನ ನಗರಾಡಳಿತ ಆಹಾರವನ್ನು ಪೌರರ ಹಕ್ಕೆಂದು ಸಾರಿ, ಅದಕ್ಕೆಂದೇ ಪ್ರತ್ಯೇಕ ಇಲಾಖೆ ತೆರೆಯಿತು.

ಪರೀಕ್ಷಾರ್ಥಿಗಳು ಮುಖ್ಯವಾಗಿ ಗಮನಿಸಬೇಕಾದದ್ದು ಕಾರ್ಯವಿಧಾನವನ್ನು. ನಗರಾಡಳಿತ ಜನಸಂದಣಿಯ ಜಾಗಗಳನ್ನು ತರಕಾರಿ ವ್ಯಾಪಾರಿಗಳಿಗೆ ಕೊಟ್ಟಿತು. ಪ್ರತಿಯಾಗಿ ಅವರು ಕೆಲವು ಪದಾರ್ಥಗಳನ್ನು ಅದು ನಿಗದಿಪಡಿಸಿದ ಕಡಿಮೆ ದರಕ್ಕೇ ಮಾರಬೇಕಿತ್ತು, ಬಡ ಬಡಾವಣೆಗಳಿಗೂ ಒಯ್ಯಬೇಕಿತ್ತು. ಬರೀ ಸಹಾಯಧನ ಹಂಚುವುದಕ್ಕಿಂತ ಇದು ಜಾಣ ದಾರಿ. ಸಣ್ಣ ರೈತರಿಗೆ ನೇರ ಮಾರಾಟದ ಮಳಿಗೆಗಳೂ ಸಿಕ್ಕವು. ‘ರೆಸ್ಟೊರಾಂಟೆ ಪಾಪ್ಯುಲರ್’ ಎಂಬ ಅಗ್ಗದ ಊಟದ ಮನೆಗಳು ಎಲ್ಲರಿಗೂ ತೆರೆದಿದ್ದವು. ಅಲ್ಲಿ ಉಣ್ಣಲು ಬಡತನದ ಪುರಾವೆ ತೋರಿಸಬೇಕಿರಲಿಲ್ಲ. ಯೋಜನೆಯ ಘನತೆ ಇದರಲ್ಲೇ ಇದೆ.

ಈ ಆಹಾರ ನೀತಿಗಾಗಿ 2009ರಲ್ಲಿ ನಗರಕ್ಕೆ ವರ್ಲ್ಡ್ ಫ್ಯೂಚರ್ ಕೌನ್ಸಿಲ್‌ನ ಫ್ಯೂಚರ್ ಪಾಲಿಸಿ ಪ್ರಶಸ್ತಿ ಬಂತು. ನಗರ ಮೊದಲೇ ಸಾರಿದ್ದ ಆಹಾರದ ಹಕ್ಕು ಬ್ರೆಜಿಲ್ ಸಂವಿಧಾನಕ್ಕೆ ಸೇರಿದ್ದು 2010ರಲ್ಲಿ.