ತೆರೆದ ರಕ್ತನಾಳ ಮತ್ತೆ ಕಿರಿದಾಗುವುದೇಕೆ?

ಹೊಲದಲ್ಲಿ ಕುಡುಗೋಲು ತಾಗಿದ ಬೆರಳನ್ನು ನೋಡಿ: ಮೊದಲು ಕೆಂಪಾಗಿ ಊದುತ್ತದೆ, ಆಮೇಲೆ ಮಾಯುತ್ತದೆ, ಕೊನೆಗೆ ದಪ್ಪ ಕಲೆ ಉಳಿಯುತ್ತದೆ. ಬೆರಳಿಗೆ ಅದರಿಂದ ತೊಂದರೆಯಿಲ್ಲ. ಸುಮಾರು 3 ಮಿ.ಮೀ. ಅಗಲದ ಹೃದಯದ ನಾಳದೊಳಗೆ ಹೀಗಾದರೆ ರಕ್ತದ ದಾರಿಯೇ ಕಿರಿದಾಗುತ್ತದೆ. ಇದೇ ರೀಸ್ಟೆನೋಸಿಸ್, ಅಂದರೆ ಮರುಸಂಕೋಚನ.

ಕಿರಿದಾದ ನಾಳವನ್ನು ತೆರೆಯಲು (ಆಂಜಿಯೋಪ್ಲಾಸ್ಟಿಯಲ್ಲಿ) ಅದರೊಳಗೆ ಬಲೂನ್ ಉಬ್ಬಿಸಿದಾಗ ನಾಳದ ಒಳಪದರ ಎಂಡೋಥೀಲಿಯಂ ಹರಿಯುತ್ತದೆ. ಅಲ್ಲಿ ಅಂಟಿದ ಪ್ಲೇಟ್‌ಲೆಟ್‌ಗಳು ಮಾನೊಸೈಟ್ ಎಂಬ ಬಿಳಿ ರಕ್ತಕಣಗಳನ್ನು ಸೆಳೆಯುತ್ತವೆ. ಈ ಮಾನೊಸೈಟ್‌ಗಳು ಗೋಡೆಯೊಳಗೆ ಹೊಕ್ಕು ಮ್ಯಾಕ್ರೊಫೇಜ್ ಎಂಬ ಭಕ್ಷಕ ಕೋಶಗಳಾಗಿ, ಇಂಟರ್‌ಲ್ಯೂಕಿನ್‌ನಂಥ ಉರಿಯೂತದ ರಾಸಾಯನಿಕಗಳನ್ನು ಸ್ರವಿಸುತ್ತವೆ. ಆಗ ಮಧ್ಯಪದರದ ನಯಸ್ನಾಯು ಕೋಶಗಳು ಒಳಕ್ಕೆ ಸರಿದು ವೃದ್ಧಿಸುತ್ತವೆ. ಹೀಗೆ ಬೆಳೆಯುವ ಹೊಸ ಪದರವೇ ನಿಯೋಇಂಟಿಮಾ. ಇಲ್ಲೊಂದು ಎಚ್ಚರ: ಇದು ಮುಖ್ಯವಾಗಿ ಗಾಯ ಮಾಯುವಾಗಿನ ಅತಿಬೆಳವಣಿಗೆ, ಹಳೆಯ ಕೊಬ್ಬಿನ ಶೇಖರಣೆಯಲ್ಲ.

ಮೊದಲ ಕೊರೊನರಿ (ಹೃದಯನಾಳದ) ಬಲೂನ್ ಆಂಜಿಯೋಪ್ಲಾಸ್ಟಿ ಮಾಡಿದವರು ಆಂಡ್ರಿಯಾಸ್ ಗ್ರುಂಟ್ಸಿಗ್, ಜ್ಯೂರಿಕ್, 1977. ನಾಳವನ್ನು ತೆರೆದಿಡುವ ಜಾಲರಿ ಕೊಳವೆ, ಅಂದರೆ ಕೊರೊನರಿ ಸ್ಟೆಂಟ್, ಬಂದದ್ದು 1986ರಲ್ಲಿ. ಅದು ನಾಳ ಕುಗ್ಗುವುದನ್ನು ತಡೆಯಿತು, ಆದರೆ ಕೋಶಗಳ ಬೆಳವಣಿಗೆಯನ್ನು ತಡೆಯಲಿಲ್ಲ. ಆ ಬೆಳವಣಿಗೆಯನ್ನು ತಡೆಯಲೆಂದೇ ಔಷಧಲೇಪಿತ ಸ್ಟೆಂಟ್ ಬಂತು. ಅದರಲ್ಲಿ ಬಳಸಿದ ಸಿರೊಲಿಮಸ್ ಎಂಬ ಔಷಧ ಈಸ್ಟರ್ ದ್ವೀಪದ ಮಣ್ಣಿನ ಬ್ಯಾಕ್ಟೀರಿಯಾದಿಂದ ದೊರೆತದ್ದು. ಈ ಔಷಧದ ಶೋಧದಲ್ಲಿ ಭಾರತ ಮೂಲದ ಸುರೇನ್ ಸೆಹಗಲ್ ಪಾತ್ರ ದೊಡ್ಡದು.