ಹೊಸ ತಿರುಳಿನ ಪರೀಕ್ಷೆ

ಕರಗಿದ ಉಕ್ಕನ್ನು ಅಚ್ಚಿಗೆ ಎರೆಯುವ ಮುನ್ನ ಸ್ವಲ್ಪ ಮಾದರಿಯನ್ನು ತೆಗೆದು ಪರೀಕ್ಷಿಸುವರೆಂಬುದು, 1923ರಲ್ಲಿಯೇ ಕಬ್ಬಿಣದ ಕಾರ್ಖಾನೆಯ ಆರಂಭವನ್ನು ಕಂಡ ಭದ್ರಾವತಿಯವರಿಗೆ ಹೊಸ ಮಾತಲ್ಲ. ಗಣಕಯಂತ್ರದ ವಿಷಯದಲ್ಲಿಯೂ ನಮ್ಮನ್ನು ಕಾಯತಕ್ಕದ್ದು ಇದೇ ವಿವೇಕ.

ಕರ್ನೆಲ್ ಎಂಬ ಶಬ್ದಕ್ಕೆ ಬೀಜದೊಳಗಣ ತಿರುಳು ಎಂದರ್ಥ. ಗಣಕದ ಯಂತ್ರಭಾಗಗಳಿಗೂ ನಾವು ಬಳಸುವ ತಂತ್ರಾಂಶಗಳಿಗೂ ನಡುವೆ ನಿಂತು ವ್ಯವಹಾರ ನಡೆಸುವುದೇ ಅದರ ಕಾರ್ಯ. ಲಿನಕ್ಸ್ ಎಂಬ ತಿರುಳನ್ನು 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಲೋಕಕ್ಕೆ ನೀಡಿದರು. ಅದರ ಹೊಸ ಆವೃತ್ತಿ ಒಂಬತ್ತು-ಹತ್ತು ವಾರಗಳಿಗೊಮ್ಮೆ ಹೊರಬರುತ್ತದೆ. ಮೊದಲ ಎರಡು ವಾರ ಹೊಸ ಅಂಶಗಳ ಸೇರ್ಪಡೆ. ಅನಂತರ ವಾರಕ್ಕೊಂದರಂತೆ ‘ಆರ್‌ಸಿ’ ಎಂಬ ಗುರುತಿನ ಏಳೆಂಟು ಪರೀಕ್ಷಾ ಕರ್ನೆಲ್‌ಗಳು. ಕಡೆಗೆ ಅಂತಿಮ ರೂಪ.

ಇಂತಹ ಪರೀಕ್ಷಾ ಕರ್ನೆಲ್ ನಮಗೇಕೆ ಬೇಕು? ಶಿವಮೊಗ್ಗದ ನನ್ನ ಮನೆಯ ಹೊಸ ಗಣಕದ ವೈಫೈ ಸಾಧನವು ಹಳೆಯ ತಿರುಳಿಗೆ ಗುರುತೇ ಹತ್ತಲಿಲ್ಲ. ಭದ್ರಾವತಿಯಿಂದ ಬಂದ ಹಳೆಯ ಶಿಷ್ಯನೊಬ್ಬನು ಪರೀಕ್ಷಾ ಕರ್ನೆಲನ್ನು ಸ್ಥಾಪಿಸಿದನು. ಮರುಚಾಲನೆಯಾದೊಡನೆ ಪರದೆ ಕಪ್ಪಾಯಿತು. ಮೂರು ವರ್ಷಗಳಿಂದ ಬರೆದಿಟ್ಟ ವ್ಯಾಕರಣದ ಟಿಪ್ಪಣಿಗಳೆಲ್ಲ ಅದರೊಳಗಿದ್ದುವು. ಬೇರೆ ಪ್ರತಿ ಇರಲಿಲ್ಲ. ನನ್ನ ಕೈಕಾಲು ತಣ್ಣಗಾದುವು. ಶಿಷ್ಯನು ಯಂತ್ರವನ್ನು ಮತ್ತೆ ನಡೆಸಿ, ‘ಗ್ರಬ್’ ಪಟ್ಟಿಯಲ್ಲಿ ಹಳೆಯ ತಿರುಳನ್ನು ಆರಿಸಿದನು. ಎಲ್ಲವೂ ಮೊದಲಿನಂತಾಯಿತು. “ಗುರುಗಳೇ, ಹಳೆಯದನ್ನು ನಾನು ತೆಗೆದಿರಲಿಲ್ಲ” ಎಂದನು.

ದೋಷವಾದುದು ಹೇಗೆ? ‘ಅನ್ನು’ ಎಂಬುದು ಒಂದೇ ಪ್ರತ್ಯಯ. ಆದರೂ ‘ಮರ’ ಎಂಬ ಪ್ರಕೃತಿಗೆ ಹತ್ತಿದಾಗ ವಕಾರ ಬಂದು ‘ಮರವನ್ನು’, ‘ಮನೆ’ಗೆ ಹತ್ತಿದಾಗ ಯಕಾರ ಬಂದು ‘ಮನೆಯನ್ನು’ ಎಂದಾಗುತ್ತದೆ. ಪ್ರಕೃತಿ ಬೇರೆಯಾದರೆ ಸಂಧಿಯೂ ಬೇರೆ. ಹಾಗೆಯೇ ಹೊರಗಿನಿಂದ ಸೇರಿಸಿದ ಚಿತ್ರಸಾಧನದ ಚಾಲಕ ತಂತ್ರಾಂಶವನ್ನು ಪ್ರತಿಯೊಂದು ಹೊಸ ತಿರುಳಿಗೂ ಮತ್ತೆ ಹೊಂದಿಸಿ ಕಟ್ಟಬೇಕು. ನಮ್ಮಲ್ಲಿ ಅದು ಆಗಿರಲಿಲ್ಲ.

ಆದುದರಿಂದ ಅನುಸರಿಸತಕ್ಕ ಕ್ರಮವಿದು. ಮೊದಲನೆಯದಾಗಿ, ಬರಹಗಳೆಲ್ಲದರ ಪ್ರತಿಯನ್ನು ಬೇರೊಂದು ಡಿಸ್ಕಿನಲ್ಲಿಟ್ಟು, ಅದು ತೆರೆಯುವುದೇ ಎಂದು ನೋಡಬೇಕು. ಎರಡನೆಯದಾಗಿ, ಈಗ ನಡೆಯುತ್ತಿರುವ ತಿರುಳಿನ ಸಂಖ್ಯೆಯನ್ನು ಬರೆದುಕೊಂಡು, ಗ್ರಬ್ ಪಟ್ಟಿಯಿಂದ ಅದನ್ನು ಆರಿಸುವ ಬಗೆಯನ್ನು ಮೊದಲೇ ಒಮ್ಮೆ ಅಭ್ಯಾಸ ಮಾಡಬೇಕು. ಹೋಗುವ ಮುನ್ನ ಮರಳುವ ದಾರಿಯನ್ನು ಕಂಡಿರಬೇಕು. ಮೂರನೆಯದಾಗಿ, ‘ಬೂಟ್’ ವಿಭಾಗದಲ್ಲಿ ಎರಡು ತಿರುಳುಗಳಿಗೂ ಸ್ಥಳವಿರಬೇಕು. ನಾಲ್ಕನೆಯದಾಗಿ, ತಿರುಳೊಂದನ್ನೇ ಬದಲಿಸಬೇಕು. ಡೆಬಿಯನ್ ವ್ಯವಸ್ಥೆಯಲ್ಲಿ ‘ಟೆಸ್ಟಿಂಗ್’ ಭಂಡಾರವನ್ನು ಆದ್ಯತೆಯ ಕಟ್ಟುಪಾಡಿಲ್ಲದೆ ಸೇರಿಸಿ ಎಲ್ಲವನ್ನೂ ನವೀಕರಿಸಿದರೆ, ತಿರುಳಿನೊಡನೆ ಇಡೀ ವ್ಯವಸ್ಥೆಯೇ ಪರೀಕ್ಷಾವಸ್ಥೆಗೆ ಹೋದೀತು. ಸ್ಥಿರ ಆವೃತ್ತಿಗೆಂದೇ ಹೊಂದಿಸಿದ ‘ಬ್ಯಾಕ್‌ಪೋರ್ಟ್ಸ್’ ಭಂಡಾರದ ಹೊಸ ತಿರುಳಿನಿಂದಲೇ ಕೆಲಸವಾಗುವುದಾದರೆ ಅದೇ ಲೇಸು. ಐದನೆಯದಾಗಿ, ಕೆಲವು ದಿನಗಳ ಬಳಕೆಯಲ್ಲಿ ಧ್ವನಿ, ಮುದ್ರಣ, ಜಾಲಸಂಪರ್ಕಗಳೆಲ್ಲ ಸರಿಯೆಂದು ಕಂಡ ಮೇಲೂ ಹಳೆಯ ತಿರುಳೊಂದನ್ನು ಉಳಿಸಿಕೊಂಡಿರಬೇಕು.

ಹಳೆಯ ತಿರುಳಿರುವಾಗ ಪ್ರತಿಯೇಕೆ ಎಂದು ಕೇಳಬಹುದು. 2023ರ ಡಿಸೆಂಬರಿನಲ್ಲಿ ಡೆಬಿಯನ್ ಸ್ಥಿರ ಆವೃತ್ತಿಗೆಂದು ಸಿದ್ಧವಾಗಿದ್ದ 6.1.64 ಕರ್ನೆಲ್‌ನಲ್ಲಿ, ಎಕ್ಸ್ಟ್4 ಎಂಬ ಕಡತವ್ಯವಸ್ಥೆಯ ಬರಹಗಳನ್ನೇ ಕೆಡಿಸಬಲ್ಲ ದೋಷವೊಂದು ಕಂಡುಬಂತು. 12.3ರ ಬಿಡುಗಡೆಯನ್ನು ತಡೆದು, ದೋಷ ನೀಗಿದ ತಿರುಳಿನೊಡನೆ 12.4ನ್ನು ಹೊರತಂದರು. ಸ್ಥಿರವೆಂಬುದರಲ್ಲಿಯೇ ಹೀಗಾಗಬಹುದಾದರೆ ಪರೀಕ್ಷೆಯಲ್ಲಿರುವುದರ ಮಾತೇನು? ಹಳೆಯ ತಿರುಳು ಯಂತ್ರವನ್ನು ಮತ್ತೆ ನಡೆಸೀತು. ಕೆಟ್ಟ ಅಕ್ಷರವನ್ನು ಮರಳಿ ಕೊಡಲಾರದು. ಅದನ್ನು ಕೊಡುವುದು ಬೇರೆಡೆ ಇಟ್ಟ ಪ್ರತಿ ಮಾತ್ರ.

ಹೊಸದನ್ನು ಪರೀಕ್ಷಿಸುವವರಿಲ್ಲದಿದ್ದರೆ ದೋಷಗಳು ಕಾಣುವುದೆಂತು? ಆದಕಾರಣ ವಿದ್ಯಾರ್ಥಿಗಳು ಅಂಜಿ ಹಿಂದೆಗೆಯಬೇಕಾಗಿಲ್ಲ. ಆದರೆ ಅಂಕಪಟ್ಟಿಗಳಿರುವ ಗಣಕದಲ್ಲಿ ಈ ಸಾಹಸ ಸಲ್ಲದು. ಬರಿದಾದ ಹಳೆಯ ಯಂತ್ರವೊಂದರಲ್ಲಿ ಮಾಡಿ ಕಲಿಯಿರಿ. ಆ ದಿನದಿಂದ ನನ್ನ ಟಿಪ್ಪಣಿಗಳ ಎರಡು ಪ್ರತಿಗಳು ಕಪಾಟಿನಲ್ಲಿವೆ.

ಅಭ್ಯಾಸ
1. ಹಳೆಯ ತಿರುಳನ್ನು ಉಳಿಸಿಕೊಳ್ಳುವುದರಿಂದ ಯಾವ ಹಾನಿ ತಪ್ಪುತ್ತದೆ? ಯಾವುದು ತಪ್ಪುವುದಿಲ್ಲ?
2. ತಿರುಳೊಂದನ್ನೇ ಬದಲಿಸಬೇಕೆನ್ನಲು ಕಾರಣವೇನು?