‘ಸಬ್ ಠೀಕ್’ ಎನ್ನುವ ಮುನ್ನ
ಮಹಾಮಾರಿಯ ದಿನಗಳಲ್ಲಿ ಮಾಜಿ ಸೈನಿಕರೂ ಅವರ ಪತ್ನಿಯರೂ ಮನಸ್ಸನ್ನು ಕಾಪಾಡಿಕೊಳ್ಳುವ ಬಗೆ

2020ರ ಮಾರ್ಚ್ 25ರಂದು ದೇಶಕ್ಕೆ ದೇಶವೇ ಬಾಗಿಲು ಮುಚ್ಚಿಕೊಂಡಾಗ, ‘ಹಿಮದ ನಡುವೆ ತಿಂಗಳುಗಟ್ಟಲೆ ಬಂಕರಿನಲ್ಲಿ ಕಳೆದವರಿಗೆ ಮನೆಯಲ್ಲಿ ಕೂರುವುದೇನು ಮಹಾ’ ಎಂದು ನಕ್ಕಿದ್ದ, ಸೋಮವಾರಪೇಟೆಯ ಸಮೀಪದ ನಿವೃತ್ತ ಹವಾಲ್ದಾರರೊಬ್ಬರು, ಮೂರನೆಯ ವಾರ ಕಳೆಯುವಷ್ಟರಲ್ಲಿ ಆಂಬುಲೆನ್ಸಿನ ಸದ್ದಿಗೆ ನಡುರಾತ್ರಿ ಬೆವರಿ ಎದ್ದು ಕೂರತೊಡಗಿದರು. ಹೇಗಿದ್ದೀರೆಂದು ಕೇಳಿದವರಿಗೆಲ್ಲ ಅವರದು ಒಂದೇ ಉತ್ತರ: ‘ಸಬ್ ಠೀಕ್.’ ಕಾವಲಿನ ಠಾಣೆಯಲ್ಲಿ ಅಧಿಕಾರಿಗೆ ಒಪ್ಪಿಸತಕ್ಕ ಆ ವರದಿಯನ್ನೇ ಮನೆಯೊಳಗೆ ಪತ್ನಿಗೂ ಒಪ್ಪಿಸತೊಡಗಿದರೆ, ಸಹನೆಯೆಂಬ ಸದ್ಗುಣವೇ ವ್ಯಾಧಿಯನ್ನು ಮರೆಮಾಡುವ ಪರದೆಯಾಗುತ್ತದೆ. ಆ ದಿನಗಳು ಕಳೆದುಹೋಗಿದ್ದರೂ ಅಂಥವು ಮತ್ತೆ ಬಾರವೆಂಬ ಭರವಸೆಯಿಲ್ಲವಾದುದರಿಂದ, ಅಂದು ಕಲಿತ ಪಾಠಗಳನ್ನು ಕ್ರಮವಾಗಿ ಇಲ್ಲಿ ನಿರೂಪಿಸಿದೆ.

1. ಲಕ್ಷಣಗಳನ್ನು ಗುರುತಿಸಿರಿ

ನಿದ್ರೆ ಕೆಡುವುದು, ಹಳೆಯ ಕಾರ್ಯಾಚರಣೆಯ ದೃಶ್ಯಗಳು ಕನಸಿನಲ್ಲಿ ಮರುಕಳಿಸುವುದು, ಸಣ್ಣ ಸದ್ದಿಗೂ ಬೆಚ್ಚುವುದು, ಕಾರಣವಿಲ್ಲದೆ ರೇಗುವುದು, ಮಾತು ನಿಂತುಹೋಗುವುದು: ಇವು ಎರಡು ವಾರಗಳಿಗೂ ಮಿಕ್ಕಿ ಉಳಿದರೆ ವೈದ್ಯರನ್ನು ಕಾಣುವುದೇ ವಿವೇಕ. ಸೈನಿಕನು ತನ್ನ ದೇಹದ ಗಾಯವನ್ನು ತೋರಿಸಲು ನಾಚುವುದಿಲ್ಲ. ಮನಸ್ಸಿನ ಗಾಯಕ್ಕೆ ಬೇರೆಯ ನ್ಯಾಯವೇಕೆ?

2. ಮದ್ಯದ ವಿಷಯದಲ್ಲಿ ಎಚ್ಚರವಿರಲಿ

ಕ್ಯಾಂಟೀನಿನ ರಮ್ಮು ಅನೇಕರಿಗೆ ಸಂಜೆಯ ಸಂಗಾತಿ. ಏಕಾಂತ ಹೆಚ್ಚಿದಂತೆ ಅಳತೆಯೂ ಹೆಚ್ಚುವುದು ಒಂದು ಅಪಾಯವಾದರೆ, ಪೂರೈಕೆ ತಟಕ್ಕನೆ ನಿಂತುಹೋಗುವುದು ಇನ್ನೊಂದು. ಕರ್ನಾಟಕದಲ್ಲಿ ಅಂದು ಮೇ 4ರವರೆಗೆ ಮದ್ಯದಂಗಡಿಗಳು ತೆರೆದಿರಲಿಲ್ಲವೆಂಬುದನ್ನು ನೆನೆಯಬಹುದು. ವರ್ಷಗಳಿಂದ ನಿತ್ಯವೂ ಕುಡಿಯುತ್ತಿದ್ದವರು ಒಮ್ಮೆಲೇ ಬಿಟ್ಟರೆ, ಮೊದಲ ಮೂರು ನಾಲ್ಕು ದಿನಗಳಲ್ಲಿ ಕೈನಡುಕ, ಬೆವರು, ಇಲ್ಲದುದನ್ನು ಕಾಣುವ ಭ್ರಮೆ, ಕೆಲವೊಮ್ಮೆ ಸೆಳವು ತೋರುವುದುಂಟು. ಇದು ಮನೋದಾರ್ಢ್ಯದ ಪರೀಕ್ಷೆಯಲ್ಲ, ಚಿಕಿತ್ಸೆ ಬೇಕಾದ ಸ್ಥಿತಿ. ಭ್ರಮೆ ಅಥವಾ ಸೆಳವು ಕಂಡೊಡನೆಯೇ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.

3. ಮನೆಯ ಅಧಿಕಾರವನ್ನು ಹಂಚಿಕೊಳ್ಳಿರಿ

ಜವಾನನಿಗೆ ಸೇವಾ ಪಿಂಚಣಿ ದೊರೆಯಲು ಸಾಮಾನ್ಯವಾಗಿ ಕನಿಷ್ಠ 15 ವರ್ಷಗಳ ಸೇವೆ ಸಲ್ಲಬೇಕು. ಅಷ್ಟು ಕಾಲವೂ ಮಕ್ಕಳ ಶಾಲೆ, ಅತ್ತೆಯ ಔಷಧ, ಕಾಫಿ ಕೊಯ್ಲಿನ ಆಳುಗಳ ಕೂಲಿ ಎಲ್ಲವನ್ನೂ ಒಬ್ಬರೇ ನಡೆಸಿಕೊಂಡು ಬಂದ ಗೃಹಿಣಿಗೆ, ರಜೆಯಿಲ್ಲದ ಗಂಡನೊಬ್ಬನು ದಿನವಿಡೀ ಕಣ್ಣೆದುರಿಗೆ ನಿಂತು ಆಜ್ಞೆ ಮಾಡತೊಡಗಿದರೆ ಉಸಿರು ಕಟ್ಟುವುದು ಸಹಜ. ನಮ್ಮ ಹವಾಲ್ದಾರರು ಒಂದು ಬೆಳಿಗ್ಗೆ ಸಾಸಿವೆ, ಜೀರಿಗೆ, ಮೆಂತ್ಯದ ಡಬ್ಬಗಳನ್ನೆಲ್ಲ ಕೆಳಗಿಳಿಸಿ, ಎತ್ತರದ ಅನುಸಾರ ಪಂಕ್ತಿ ನಿಲ್ಲಿಸಿದರು. ಒಗ್ಗರಣೆಯ ಎಣ್ಣೆ ಕಾದು ಹೊಗೆಯಾಡುತ್ತಿರಲು ಸಾಸಿವೆಯನ್ನು ಕಾಣದ ಪತ್ನಿ, ‘ರೀ, ಇದು ನಿಮ್ಮ ಲಂಗರ್ ಅಲ್ಲ, ನನ್ನ ಅಡುಗೆಮನೆ’ ಎಂದರು. ಜಗಳವಾಗಬಹುದಾಗಿದ್ದ ಆ ಮಾತು, ದೈವವಶಾತ್, ಒಂದು ಒಪ್ಪಂದಕ್ಕೆ ಕಾರಣವಾಯಿತು: ಯಾವ ಕೆಲಸ ಯಾರದು, ಯಾವ ಹೊತ್ತಿನಲ್ಲಿ ಯಾರು ಒಂಟಿಯಾಗಿರಬೇಕು ಎಂಬುದನ್ನೆಲ್ಲ ಬರೆದ ಡ್ಯೂಟಿ ಪಟ್ಟಿಯೊಂದು ಗೋಡೆಗೇರಿತು. ನೀವೂ ಬರೆಯಿರಿ, ಏಳುವ, ಉಣ್ಣುವ, ನಡೆಯುವ, ಮಲಗುವ ವೇಳೆಗಳನ್ನು ನಿಗದಿಗೊಳಿಸಿರಿ, ಸುದ್ದಿಯನ್ನು ದಿನಕ್ಕೆ ಎರಡು ಸಲ ಮಾತ್ರ ನೋಡಿರಿ.

4. ಪತ್ನಿಯ ಮನಸ್ಸನ್ನು ಮರೆಯದಿರಿ

ಗಂಡನ ನಿದ್ದೆಗೇಡಿಗೆ ಹೆಂಡತಿಯೂ ಜಾಗರಣೆ ಮಾಡುತ್ತಾಳೆ. ಆದರೆ ಆರೈಕೆ ಮಾಡುವವರ ಆರೋಗ್ಯವನ್ನು ವಿಚಾರಿಸುವವರು ವಿರಳ. ಪಲ್ಟನ್ನಿನ ಗೆಳೆಯರೊಡನೆ ಗಂಡನು ದೂರವಾಣಿಯಲ್ಲಿ ಮಾತನಾಡುವಂತೆಯೇ, ಪತ್ನಿಗೂ ತವರಿನವರೊಡನೆ, ಗೆಳತಿಯರೊಡನೆ ಮನಬಿಚ್ಚಿ ಮಾತನಾಡಲು ಪ್ರತಿದಿನ ಅರ್ಧ ಗಂಟೆ ಮೀಸಲಿರಲಿ. ಕೋಪವು ಹೊಡೆತಕ್ಕೆ ತಿರುಗಿದರೆ ಅದನ್ನು ರೋಗದ ಹೆಸರಿನಲ್ಲಿ ಸಹಿಸಬೇಕಾಗಿಲ್ಲ. ಮಹಿಳಾ ಸಹಾಯವಾಣಿ 181ಕ್ಕೆ ಕರೆಮಾಡಬಹುದು.

5. ಔಷಧವನ್ನೂ ಕಾಗದಗಳನ್ನೂ ಸಿದ್ಧವಿಡಿರಿ

ಮಾನಸಿಕ ಚಿಕಿತ್ಸೆಯ ಮಾತ್ರೆಗಳನ್ನು ವೈದ್ಯರ ಸಲಹೆಯಿಲ್ಲದೆ ನಡುವೆ ನಿಲ್ಲಿಸಕೂಡದು. ತೀರುವುದಕ್ಕೆ ಎರಡು ವಾರ ಮುಂಚಿತವಾಗಿಯೇ ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇ.ಸಿ.ಎಚ್.ಎಸ್.ನ ಪಾಲಿಕ್ಲಿನಿಕ್ಕಿಗೆ ತಿಳಿಸಿರಿ. ಡಿಸ್ಚಾರ್ಜ್ ಬುಕ್, ಪಿಂಚಣಿ ಆದೇಶ, ಇ.ಸಿ.ಎಚ್.ಎಸ್. ಕಾರ್ಡು, ಬ್ಯಾಂಕ್ ಪಾಸ್‌ಪುಸ್ತಕಗಳು ಒಂದೇ ಕಡತದಲ್ಲಿದ್ದು, ಆ ಕಡತವಿರುವ ಎಡೆ ಪತ್ನಿಗೆ ತಿಳಿದಿದ್ದರೆ, ‘ಇವರಿಗೇನಾದರೂ ಆದರೆ ಮುಂದೇನು’ ಎಂಬ ಅವರ ಅರ್ಧ ಭಯ ಅಲ್ಲಿಗೇ ತಗ್ಗುತ್ತದೆ.

6. ಸಾವಿನ ಮಾತು ಬಂದರೆ ತಡಮಾಡದಿರಿ

‘ನಾನಿದ್ದು ಪ್ರಯೋಜನವೇನು’ ಎಂಬಂಥ ಮಾತು ಕಿವಿಗೆ ಬಿದ್ದರೆ, ‘ಸಾಯಬೇಕೆಂದು ಅನಿಸುತ್ತಿದೆಯೇ’ ಎಂದು ನೇರವಾಗಿ, ಮೃದುವಾಗಿ ಕೇಳಿರಿ. ಕೇಳಿದ ಮಾತ್ರಕ್ಕೆ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಅಂಥ ಹೊತ್ತಿನಲ್ಲಿ ಅವರನ್ನು ಒಂಟಿಯಾಗಿ ಬಿಡದಿರಿ. ಕೊಡಗಿನ ಅನೇಕ ಮನೆಗಳಲ್ಲಿ ಕೋವಿ ಪರಂಪರೆಯ ಅಂಗ. ಕಾವಲು ಕೆಲಸಕ್ಕೆಂದು ಪರವಾನಗಿಯ ಬಂದೂಕು ಇರಿಸಿಕೊಂಡ ಮಾಜಿ ಸೈನಿಕರು ಅನ್ಯ ಜಿಲ್ಲೆಗಳಲ್ಲಿಯೂ ಉಂಟು. ಮನಸ್ಸು ತಿಳಿಯಾಗುವವರೆಗೆ ಅದು ಮನೆಯಲ್ಲಿರುವುದು ಬೇಡ. ಎಲ್ಲಿ, ಹೇಗೆ ಒಪ್ಪಿಸಬೇಕೆಂಬುದನ್ನು ಪೊಲೀಸ್ ಠಾಣೆಯಲ್ಲಿ ವಿಚಾರಿಸಿರಿ. ತೋಟದ ಕೀಟನಾಶಕವೂ ಬೀಗದೊಳಗಿರಲಿ.

ನೆರವಿಗೆ 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಯುಂಟು. 2022ರ ಅಕ್ಟೋಬರಿನಲ್ಲಿ ಆರಂಭವಾದ, ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರವಾಗಿರುವ ಈ ಉಚಿತ ಸೇವೆಯಲ್ಲಿ ಹಗಲಿರುಳೂ ಕನ್ನಡದಲ್ಲಿಯೇ ಮಾತನಾಡಬಹುದು. ಪ್ರಾಣಾಪಾಯವಿದ್ದರೆ 112.

7. ದಿನಕ್ಕೊಂದು ನಿಜವಾದ ವರದಿ

ಹವಾಲ್ದಾರರ ಡ್ಯೂಟಿ ಪಟ್ಟಿಯ ಕೊನೆಯ ಸಾಲನ್ನು ಬರೆದವರು ಅವರ ಪತ್ನಿ: ‘ರಾತ್ರಿ ಎಂಟು ಗಂಟೆ, ರಿಪೋರ್ಟ್, ಇಬ್ಬರೂ.’ ಆ ಹೊತ್ತಿಗೆ ಜಗಲಿಯಲ್ಲಿ ಕುಳಿತು, ಅಂದು ಮನಸ್ಸಿಗೆ ಹಿತವಾದುದೊಂದನ್ನೂ ಭಾರವಾದುದೊಂದನ್ನೂ ಇಬ್ಬರೂ ಹೇಳಬೇಕು. ‘ಸಬ್ ಠೀಕ್’ ಎಂಬ ಉತ್ತರಕ್ಕೆ ಮಾತ್ರ ಅಲ್ಲಿ ಮಾನ್ಯತೆಯಿಲ್ಲ. ಮೊದಲ ನಾಲ್ಕು ದಿನ ಅವರು ಮಳೆಯ ವಿಚಾರವನ್ನೇ ಹೇಳಿದರಂತೆ. ಐದನೆಯ ರಾತ್ರಿ ಆಂಬುಲೆನ್ಸಿನ ವಿಚಾರ ಹೇಳಿದರು.